ಐದು ಕಂಪ್ಯೂಟರ್, ಒಂದೇ ದರ

ರಾಯದುರ್ಗ
10 ನವೆಂಬರ್ 2024

ರೇಖಾ,

ಕ್ಷೇಮ ಸಮಾಚಾರ ಕೊನೆಗೆ, ಜಾಗ ಉಳಿದರೆ. ಮೊದಲು ಕೆಲಸದ ಮಾತು.

ನಮ್ಮ ಹೊಲಿಗೆ ಹೆಣ್ಣುಮಕ್ಕಳ ಸಂಘ ಕಂಪ್ಯೂಟರ್ ಕೊಳ್ಳುತ್ತಿದೆ. ಅಂಗಡಿಯಿಂದ ಅಲ್ಲ, ತಯಾರು ಮಾಡುವ ಕಂಪನಿಯಿಂದಲೇ. ಯಾವ ಕಂಪನಿ ಅಂತ ಬರೆಯುವುದಿಲ್ಲ. ಬರೆದರೆ ಅವರಿಗೆ ಪುಕ್ಕಟೆ ಜಾಹೀರಾತು.

ಯಾಕೆ ಬೇಕು ಅನ್ನುವುದು ನಿನಗೆ ಗೊತ್ತು. ಆದರೆ ಈ ಕಾಗದವನ್ನು ನೀನು ಅಮರಾಪುರದ ಕೂಲಿ ಹೆಂಗಸರಿಗೆ ಓದಿ ಹೇಳುತ್ತೀಯ, ಅವರಿಗಾಗಿ ಬರೆಯುತ್ತೇನೆ. ಇಲ್ಲಿ ಜೀನ್ಸ್ ಹೊಲಿಯುವವರು ನಾವು. ಅಳತೆ ಮಾತ್ರ ನಮ್ಮ ಕೈಯಲ್ಲಿಲ್ಲ. ಗುತ್ತಿಗೆದಾರ ಚಿತ್ತಪ್ಪನ ಕಂಪ್ಯೂಟರಿನಲ್ಲಿ ಬಟ್ಟೆ ಕತ್ತರಿಸುವ ನಕ್ಷೆ, ಪ್ಯಾಟರ್ನ್ ಅಂತಾರಲ್ಲ, ಅದು ತಯಾರಾಗುತ್ತದೆ, ಅಲ್ಲೇ ಬಟ್ಟೆ ಕತ್ತರಿಸುತ್ತಾರೆ, ನಮಗೆ ಬರುವುದು ತುಂಡುಗಳು. ತುಂಡು ಹೊಲಿಯುವವಳು ಜನ್ಮಪೂರ್ತಿ ತುಂಡಿನ ಕೂಲಿಯಲ್ಲೇ ಇರುತ್ತಾಳೆ. ಈಗ ಕಲ್ಯಾಣದುರ್ಗದ ಒಂದು ಶಾಲೆಯವರು ಜೂನ್ ಹೊತ್ತಿಗೆ ಸಮವಸ್ತ್ರ ಹೊಲಿದುಕೊಡಿ ಎಂದು ನೇರವಾಗಿ ನಮ್ಮನ್ನೇ ಕೇಳಿದ್ದಾರೆ. ಒಂದೊಂದು ಸೈಜಿಗೂ ಪ್ಯಾಟರ್ನ್ ನಾವೇ ತಯಾರು ಮಾಡಿಕೊಂಡರೆ ಅದು ನಮ್ಮ ಮೊದಲ ಸ್ವಂತ ಕೆಲಸ. ಏಪ್ರಿಲ್‌ನಲ್ಲಿ ಕತ್ತರಿ ಹಿಡಿಯಬೇಕು. ಕಂಪ್ಯೂಟರ್ ಇಲ್ಲದಿದ್ದರೆ ಮತ್ತೆ ಚಿತ್ತಪ್ಪನ ಬಾಗಿಲು.

ಸುದ್ದಿ ಕೇಳಿ ಚಿತ್ತಪ್ಪನೇ ಓಡಿಬಂದ. "ಯಾಕ್ರಮ್ಮ ದುಡ್ಡು ಹಾಳು ಮಾಡ್ತೀರಿ? ನಾನು ಪುಕ್ಕಟೆ ಕೊಡ್ತೀನಿ, ಇಟ್ಕೊರ್ರಿ" ಅಂದ.

ನಮ್ಮ ನರಸಕ್ಕ, ಸಂಘದಲ್ಲೇ ಹಿರಿಯಳು, ಕೇಳಿದಳು: "ಪಾಸ್‌ವರ್ಡ್ ಯಾರದಪ್ಪಾ?"

"ಅದು ನನ್ನ ಹತ್ರ ಇರತೈತಿ."

"ಹಂಗಾರ ಯಂತ್ರನೂ ನಿನ್ನ ಹತ್ರನೇ ಇರಲಿ ಬಿಡು."

ಕಂಪನಿಯ ನಂಬರಿಗೆ ಫೋನು ಹಚ್ಚಿದೆವು. ಸುಶ್ಮಿತಾ ಅಂತ ಒಬ್ಬ ಹುಡುಗಿ ಬೆಂಗಳೂರಿನಿಂದ ಮಾತಾಡಿದಳು. ಮಾತಿಗೆ ಮೊದಲು ಮೇಡಂ, ಮಾತಿನ ಕೊನೆಗೆ ಮೇಡಂ. ದರಪತ್ರ ಕಳಿಸಿದಳು. ನಾವು ಯಾವತ್ತೂ ಮೊದಲ ದರಕ್ಕೆ ಒಪ್ಪಿದವರಲ್ಲ. ಸೀಸನ್ ಶುರುವಿನಲ್ಲಿ ಗುತ್ತಿಗೆದಾರ ಪೀಸಿಗೆ ಇಷ್ಟು ಅಂತಾನೆ. ನಾವು ಮಿಷಿನ್ ಮೇಲಿನ ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತೇವೆ. ಘೋಷಣೆ ಇಲ್ಲ, ಜಗಳ ಇಲ್ಲ, ತುಟಿಪಿಟಕ್ ಅನ್ನುವುದಿಲ್ಲ. ಅವನೇ ದರ ಏರಿಸುತ್ತಾನೆ. ಈಗಲೂ ಅದೇ ಮಾಡಿದ್ದೇವೆ. ಸುಶ್ಮಿತಾಗೆ ಉತ್ತರ ಕೊಟ್ಟಿಲ್ಲ. ಕೈ ಎತ್ತಿ ಕೂತಿದ್ದೇವೆ. ಅವಳೇ ಇಳಿಸಿಕೊಂಡು ಬರಲಿ.

ಕಂಪ್ಯೂಟರ್ ಡಿಪ್ಲೊಮಾ ಮಾಡಿದವಳು ನೀನು. ಏನಂತೀಯ, ಬರಿ. ಫೋನು ಬೇಡ. ನಮ್ಮ ಕಟ್ಟಳೆ ನಿನಗೆ ಗೊತ್ತಿದೆ. ಹಿಂದೊಬ್ಬ ಮುಖಂಡ ಗುತ್ತಿಗೆದಾರನ ಜೊತೆ ಗುಟ್ಟಾಗಿ ಕಾಗದ ನಡೆಸಿ ನಮ್ಮನ್ನು ಮಾರಿದ ಮೇಲೆ, ಸಂಘಕ್ಕೆ ಬಂದ ಯಾವ ಕಾಗದವನ್ನಾದರೂ ಭಾನುವಾರ ಬೆಟ್ಟದ ಬುಡದಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತೇವೆ. ನಿನ್ನದನ್ನೂ ಓದುತ್ತೇವೆ.

ಜಾಗ ಮುಗಿಯಿತು. ಕ್ಷೇಮ.

ನಾಗವೇಣಿ


ಅಮರಾಪುರ
19 ನವೆಂಬರ್ 2024

ನಾಗವೇಣಕ್ಕ,

ಓದಿ ನಗು ಬಂತು. ಕೈ ಎತ್ತಿ ಕೂತಿದ್ದೀರಾ? ನೀವು ಕೈ ಎತ್ತಿದ್ದು ಅವರಿಗೆ ಗೊತ್ತೇ ಆಗಿರುವುದಿಲ್ಲ. ದಿನಕ್ಕೆ ಸಾವಿರ ಜನ ದರ ಕೇಳಿ ಸುಮ್ಮನಾಗುತ್ತಾರೆ. ಚಿತ್ತಪ್ಪನಿಗೆ ನಿಮ್ಮ ಕೈ ಬೇಕು. ಕಂಪನಿಗೆ ನಿಮ್ಮ ಒಂದು ಕಂಪ್ಯೂಟರಿನ ಗಿರಾಕಿ ಬೇಕಿಲ್ಲ. ದರಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ವಾಯಿದೆ ಇರುತ್ತದೆ, ನೋಡಿದಿರಾ? ಅದು ಮುಗಿದರೆ ದರವೂ ಮುಗಿಯಿತು.

ಇನ್ನು ಮೇಲೆ ಹೀಗೆ ಮಾಡಿ. ಮನೆಬಳಕೆಯದು ಬೇಡ, ಕಚೇರಿ ಬಳಕೆಯದು ಕೇಳಿ. ಹೊರಗಿನ ಚಂದಕ್ಕೆ ದುಡ್ಡು ಸುರಿಯಬೇಡಿ, ಒಳಗಿನ ಮೆಮೊರಿಗೆ ಕೊಡಿ. ವೈರಸ್ ತಡೆಯುವುದು, ಬ್ಯಾಗು, ಇನ್ನೊಂದು ಮತ್ತೊಂದು ಅಂತ ಬಾಲ ಕಟ್ಟುತ್ತಾರೆ. ಅದನ್ನೆಲ್ಲ ಕತ್ತರಿಸಿ ದರ ಹೇಳು ಅನ್ನಿ. ಹೊಸ ಮಾದರಿ ಬಂದ ವಾರ ಹಳೆಯ ಮಾದರಿ ಕೇಳಿ, ಪ್ಯಾಟರ್ನ್ ಮಾಡಲು ಅದೇ ಧಾರಾಳ. ಪ್ಯಾಟರ್ನಿನ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಬಂದು ಹಾಕಿಕೊಡುವುದು ನನ್ನ ಜವಾಬ್ದಾರಿ. ಕೆಟ್ಟರೆ ಮೆಕ್ಯಾನಿಕ್ ನಿಮ್ಮ ಜಾಗಕ್ಕೇ ಬರಬೇಕು, ಮೂರು ವರ್ಷ. ನೀವು ಹೊತ್ತುಕೊಂಡು ಬಳ್ಳಾರಿಗೆ ಓಡಾಡುವ ಹಾಗಾಗಬಾರದು.

ಸುಮ್ಮನಿರುವುದು ವ್ಯಾಪಾರ ಅಲ್ಲ ಅಕ್ಕ. ಕೇಳುವುದು ವ್ಯಾಪಾರ.

ರೇಖಾ


ರಾಯದುರ್ಗ
15 ಡಿಸೆಂಬರ್ 2024

ರೇಖಾ,

ನಿನ್ನ ಕಾಗದ ಓದಿದೆವು. ಕಟ್ಟಳೆಯಂತೆ ಗಟ್ಟಿಯಾಗಿಯೇ ಓದಿದೆ. "ನಗು ಬಂತು" ಅನ್ನುವುದನ್ನೂ ಬಿಡಲಿಲ್ಲ.

ನರಸಕ್ಕ ಸೆರಗು ಕೊಡವಿಕೊಂಡು ಎದ್ದಳು. "ಡಿಪ್ಲೊಮಾ ಓದಿದಾಕಿಗೆ ನಗು ಬಂತಂತ. ಬರೀ ನಾಗವೇಣಿ, ನಮಗ ಸಿಟ್ಟು ಬಂದೈತಿ ಅಂತ ಬರಿ."

ಬರೆದಿದ್ದೇನೆ.

ನೀನು ಹೇಳಿದ್ದೇ ಆಯಿತು, ಅದಕ್ಕೇ ಇನ್ನೂ ಸಿಟ್ಟು. ಕೈ ಎತ್ತಿ ಕೂತೆವು, ಸುಶ್ಮಿತಾ ಇತ್ತ ತಿರುಗಿ ನೋಡಲಿಲ್ಲ. ಕೊನೆಗೆ ನಾನೇ ಫೋನು ಹಚ್ಚಿದರೆ, "ಆ ದರ ಹಬ್ಬದ ಆಫರ್ ಮೇಡಂ, ಮುಗೀತು" ಅಂತ ಮೊದಲಿನದಕ್ಕಿಂತ ಜಾಸ್ತಿ ಹೇಳಿದಳು. ನಾವು ಯಾವತ್ತೂ ಸೋಲದ ಆಟದಲ್ಲಿ ಸೋತೆವು. ಎದುರಿಗೆ ಇದ್ದವಳಿಗೆ ಆಟ ನಡೆಯುತ್ತಿದೆ ಅನ್ನುವುದೇ ತಿಳಿದಿರಲಿಲ್ಲ.

ಅದೇ ವಾರ ಚಿತ್ತಪ್ಪ ತನ್ನ ಪುಕ್ಕಟೆ ಯಂತ್ರ ತಂದು ನಮ್ಮ ಷೆಡ್ಡಿನ ಮೂಲೆಯಲ್ಲಿ ಇಟ್ಟು ಹೋಗಿದ್ದಾನೆ. ಅದಕ್ಕೆ ಹೂವಿನ ಚಿತ್ರದ ಹೊದಿಕೆ. ಊಟಕ್ಕೆ ಬಿಟ್ಟ ಹೊತ್ತಿನಲ್ಲಿ ಹುಡುಗಿಯರ ಕಣ್ಣು ಅತ್ತ ಹೋಗುತ್ತದೆ. ಇನ್ನೂ ಯಾರೂ ಹೊದಿಕೆ ತೆಗೆದಿಲ್ಲ. ಇನ್ನೂ.

ನಿನಗೆ ನಗು ಮುಗಿದಿದ್ದರೆ ಒಂದು ದಾರಿ ಹೇಳು. ಇಲ್ಲದಿದ್ದರೆ ನಾವೇ ಹುಡುಕಿಕೊಳ್ಳುತ್ತೇವೆ.

ನಾಗವೇಣಿ


ಅಮರಾಪುರ
5 ಜನವರಿ 2025

ನಾಗವೇಣಕ್ಕನಿಗೆ, ನರಸಕ್ಕನಿಗೆ, ಬೆಟ್ಟದ ಬುಡದಲ್ಲಿ ಕೂತು ಇದನ್ನು ಕೇಳುತ್ತಿರುವ ಎಲ್ಲರಿಗೆ,

ಬರೆದು ಬರೆದು ಹರಿದಿದ್ದೇನೆ. ನಗು ಅಂತ ಬರೆಯಬಾರದಿತ್ತು. ಒಬ್ಬಳಿಗೆ ಬರೆದಂತೆ ಬರೆದೆ, ಕೇಳುವವರು ಎಲ್ಲರೂ ಅನ್ನುವುದು ಮರೆತೆ.

ನರಸಕ್ಕ, ನೀವು ಸೋತಿದ್ದು ಕೈ ಎತ್ತಿದ್ದಕ್ಕಲ್ಲ. ಒಂದೇ ಕೈ ಎತ್ತಿದ್ದಕ್ಕೆ. ಷೆಡ್ಡಿನಲ್ಲಿ ಒಬ್ಬಳು ಮಾತ್ರ ಕೈ ಎತ್ತಿದ್ದರೆ ಚಿತ್ತಪ್ಪ ಏನು ಮಾಡುತ್ತಿದ್ದ? ನಾಳೆಯಿಂದ ಬರಬೇಡ ಅನ್ನುತ್ತಿದ್ದ. ಎಲ್ಲರೂ ಎತ್ತಿದ್ದರಿಂದ ಬಗ್ಗಿದ. ಕಂಪನಿಯ ಮುಂದೆ ನಿಮ್ಮ ಸಂಘ ಪೂರ್ತಿ ಸೇರಿದರೂ ಒಬ್ಬಳೇ ಹೆಂಗಸು. ಒಂದು ಯಂತ್ರದ ಗಿರಾಕಿ.

ಅದಕ್ಕೇ ವಿಚಾರಿಸಿದೆ. ಒಂದೇ ಬಿಲ್ಲಿನಲ್ಲಿ ಐದು ಯಂತ್ರ ಕೊಂಡರೆ ಸಂಸ್ಥೆಗಳ ದರ ಅಂತ ಬೇರೆ ಕೊಡುತ್ತಾರೆ. ಐದು ಮಾಡೋಣ.

ಒಂದು ನಮ್ಮದು. ನಮಗೂ ಬೇಕು ಅಕ್ಕ. ಮೊದಲೇ ಹೇಳಬಹುದಿತ್ತು, ಸಲಹೆ ಕೇಳಿದವರ ಹತ್ತಿರ ನಮ್ಮ ಕಷ್ಟ ಹೇಳಿಕೊಳ್ಳುವುದೇನು ಅನ್ನಿಸಿ ಬಿಟ್ಟೆ. ಇಲ್ಲಿನ ಹೆಂಗಸರು ಉಪಾಧಿ ಕೆಲಸಕ್ಕೆ, ಅದೇ ಸರ್ಕಾರದ ಉದ್ಯೋಗ ಖಾತ್ರಿ ಕೂಲಿಗೆ, ಹೋಗುತ್ತಾರೆ. ಕೆರೆ ಹೂಳು, ದಾರಿ ಕೆಲಸ. ಕೂಲಿ ಬ್ಯಾಂಕಿಗೆ ಬೀಳುತ್ತದೆ. ಎಷ್ಟು ಬಿತ್ತು ಅಂತ ಹೇಳುವವನೂ ಅದನ್ನು ತೆಗೆದುಕೊಡುವವನೂ ನೆಟ್ ಸೆಂಟರಿನ ಗಂಗಾಧರಪ್ಪ. ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ, ಸರ್ವರ್ ಇಲ್ಲ ನಾಳೆ ಬಾ ಅಂತಾನೆ, ನಾಳೆ ಮತ್ತೆ ಒತ್ತಿಸಿಕೊಳ್ಳುತ್ತಾನೆ. ಅವನು ಕೊಟ್ಟಷ್ಟೇ ಕೂಲಿ. ನಮ್ಮ ಉಷಾರಾಣಿ ಒಂದು ದಿನ ಕೇಳಿಯೇಬಿಟ್ಟಳು: "ಅಣ್ಣಾ, ಆ ಪರದೆ ಇತ್ತ ತಿರುಗ್ಸು, ನಾನೂ ನೋಡ್ತೀನಿ." ಅವನು ನಕ್ಕು, "ನೋಡಿದ್ರೆ ನಿಂಗೇನ್ ಓದೋಕ್ ಬತ್ತೈತಾ?" ಅಂದ. ಅವಳಿಗೆ ಅಂಕಿ ಓದಲು ಬರುತ್ತದೆ. ಪರದೆ ಮಾತ್ರ ತಿರುಗಲಿಲ್ಲ.

ಹೆಬ್ಬೆಟ್ಟು ಒತ್ತಿಸಿಕೊಂಡು ದುಡ್ಡು ಕೊಡುವ ಅಧಿಕಾರ ನಮಗೆ ಬರುವುದಿಲ್ಲ. ಆದರೆ ಯಾರ ಹೆಸರಿಗೆ ಎಷ್ಟು ಕೂಲಿ ಬಿತ್ತು ಅನ್ನುವುದನ್ನು ನಾವೇ ತೆರೆದು ನೋಡಬಹುದು, ಅರ್ಜಿ ನಾವೇ ಬರೆಯಬಹುದು. ನಮ್ಮ ಪರದೆ ನಮ್ಮ ಕಡೆಗೆ ತಿರುಗಿರಬೇಕು. ಅಷ್ಟೇ ಬೇಡಿಕೆ.

ಒಪ್ಪಿಗೆ ಇದ್ದರೆ ಬರೆಯಿರಿ. ಸಿಟ್ಟಿದ್ದರೂ ಬರೆಯಿರಿ.

ರೇಖಾ


ರಾಯದುರ್ಗ
2 ಫೆಬ್ರುವರಿ 2025

ರೇಖಾ,

ನರಸಕ್ಕನ ತೀರ್ಪು: "ಹುಡುಗಿ ತಪ್ಪು ಒಪ್ಕೊಂಡಾಳ. ಬಿಡ್ರಿ. ಒಂದು ಕೈ ಎತ್ತಿದ್ವಿ ಅಂದಿದ್ದು ಮಾತ್ರ ಖರೆ ಐತಿ."

ಬೆಳುಗುಪ್ಪಕ್ಕೆ ಹೋಗಿ ಅನ್ನದಾನಮ್ಮನನ್ನು ಕಂಡೆ. ಅವರ ಗುಂಪು ಶೇಂಗಾ ಎಣ್ಣೆಯ ಗಾಣ ನಡೆಸುತ್ತದೆ. ಗಾಣದ ಲೆಕ್ಕಕ್ಕೆ ಒಂದು, ಅಲ್ಲೇ ಪಕ್ಕದಲ್ಲಿ ನಡೆಯುವ ಹೊಲಿಗೆ ತರಗತಿಗೆ ಒಂದು ಬೇಕಂತೆ. "ಕಂಪನಿಯಾಕಿ ಜೊತಿ ನೀವ ಮಾತಾಡ್ರಿ, ನಾನು ಹಿಂದ ಕುಂತು ಹೂಂ ಅಂತೀನಿ" ಅಂದಳು. ನಮಗೂ ಒಂದರ ಬದಲು ಪ್ಯಾಟರ್ನಿಗೊಂದು ಲೆಕ್ಕಕ್ಕೊಂದು ಅಂತ ಎರಡು, ಅವರಿಗೆ ಎರಡು, ನಿಮಗೆ ಒಂದು. ಐದು ಆಯಿತು.

ಫೋನು ಸ್ಪೀಕರಿಗೆ ಹಾಕಿ ಸುಶ್ಮಿತಾ ಜೊತೆ ಮಾತಾಡಿದೆ. ಐದು ಅಂದ ಕೂಡಲೇ ದನಿಯೇ ಬದಲಾಯಿತು. ಹೊಸ ದರ ಅಂಗಡಿಯ ದರಕ್ಕಿಂತ ಎಷ್ಟೋ ಕಡಿಮೆ. ಬಾಲ ಕತ್ತರಿಸು ಅಂದೆ, ಕತ್ತರಿಸಿದಳು. ಹಳೆಯ ಮಾದರಿ ಕೇಳಿದೆ, ಸ್ವಲ್ಪ ಹೊತ್ತು ತಡಕಾಡಿ, "ಸ್ಟಾಕ್ ಇದೆ ಮೇಡಂ, ನಿಮಗೆ ಇದೆಲ್ಲ ಯಾರು ಹೇಳಿಕೊಟ್ರು?" ಅಂದಳು.

"ನಮ್ಮಾಕಿ ಒಬ್ಬಾಕಿ ಅದಾಳ" ಅಂದೆ.

ಕೊನೆಗೆ ಒಂದು ಮಾತು ಅವಳ ಬಾಯಿಂದ ಜಾರಿತು. "ಆದಷ್ಟು ಬೇಗ ಹೇಳಿ ಮೇಡಂ, ಮಾರ್ಚ್ ಮೂವತ್ತೊಂದರ ಒಳಗೆ ಬಿಲ್ ಆಗಲೇಬೇಕು, ನನಗೆ ಟಾರ್ಗೆಟ್ ಇದೆ."

ಫೋನಿಟ್ಟ ಮೇಲೆ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಇದು ನಮಗೆ ಗೊತ್ತಿರುವ ದಿನ. ಲಾರಿ ಬಾಗಿಲಲ್ಲಿ ನಿಂತಿರುತ್ತದೆ, ಮಾಲು ಇವತ್ತು ಹೋಗಲೇಬೇಕು, ಚಿತ್ತಪ್ಪ ಷರಟಿನ ಗುಂಡಿ ಬಿಚ್ಚಿಕೊಂಡು ಅತ್ತಿಂದಿತ್ತ ತಿರುಗುತ್ತಿರುತ್ತಾನೆ. ಅವತ್ತು ನಾವು ಏನು ಕೇಳಿದರೂ ಸಿಗುತ್ತದೆ. ಮಾರ್ಚ್ ಮೂವತ್ತೊಂದು ಸುಶ್ಮಿತಾಳ ಲಾರಿ ನಿಲ್ಲುವ ದಿನ.

ಅಲ್ಲಿಯವರೆಗೆ ಕೇಳುತ್ತಾ ಇರುತ್ತೇವೆ, ಒಪ್ಪುವುದಿಲ್ಲ. ಇನ್ನೇನು ಕೇಳಬೇಕು ಬರಿ.

ನಾಗವೇಣಿ


ಅಮರಾಪುರ
9 ಮಾರ್ಚ್ 2025

ನಾಗವೇಣಕ್ಕ,

ಕೇಳಬೇಕಾದದ್ದು ಮೂರು. ಮೆಮೊರಿ ನಾವು ಹೇಳಿದಷ್ಟೇ ಇರಬೇಕು. ಸಾಗಣೆ ಖರ್ಚು ದರದ ಒಳಗೇ ಬರಬೇಕು. ಮೂರು ವರ್ಷ ಮೆಕ್ಯಾನಿಕ್ ಜಾಗಕ್ಕೆ ಬರುವ ಮಾತು ಬಾಯಲ್ಲಿ ಹೇಳಿದರೆ ಸಾಲದು, ದರಪತ್ರದಲ್ಲಿ ಅಚ್ಚಾಗಬೇಕು.

ಯಾವ ಯಾವ ಊರು, ಯಾವ ಪಿನ್‌ಕೋಡ್ ಅನ್ನುವುದನ್ನು ನೀನು ಎತ್ತಬೇಡ. ಅದನ್ನು ನಾನು ನೋಡಿಕೊಳ್ಳುತ್ತೇನೆ.

ಉಷಾರಾಣಿ ಯಂತ್ರ ಇಡುವ ಕೋಣೆಗೆ ಸುಣ್ಣ ಹೊಡೆಸಿದ್ದಾಳೆ. ಹೊತ್ತು ಮುಳುಗುವ ಮುಂಚೆ ಎಲ್ಲರೂ ಒಂದು ಸಲ ಹೋಗಿ ಖಾಲಿ ಮೇಜು ನೋಡಿಕೊಂಡು ಬರುತ್ತಾರೆ.

ರೇಖಾ


ರಾಯದುರ್ಗ
21 ಮಾರ್ಚ್ 2025

ರೇಖಾ,

ಪಿನ್‌ಕೋಡ್ ನಾನು ಎತ್ತಲಿಲ್ಲ. ಸುಶ್ಮಿತಾನೇ ಎತ್ತಿದಳು.

"ಮೇಡಂ, ಅಮರಾಪುರಕ್ಕೆ ನಮ್ಮ ಮೆಕ್ಯಾನಿಕ್ ಹೋಗಲ್ಲ. ಆ ಪಿನ್‌ಕೋಡ್ ಸರ್ವೀಸ್ ಪಟ್ಟಿಯಲ್ಲಿ ಇಲ್ಲ. ಇದನ್ನ ಫೆಬ್ರುವರಿಯಲ್ಲೇ ನಿಮ್ಮ ರೇಖಾ ಮೇಡಂಗೆ ಹೇಳಿದ್ದೆನಲ್ಲ."

ಸ್ಪೀಕರ್ ಹಾಕಿತ್ತು. ಎಲ್ಲರೂ ಕೇಳಿದರು.

ಆಮೇಲೆ ಅವಳು ಬೆಣ್ಣೆ ಹಚ್ಚಿದ ದನಿಯಲ್ಲಿ ಹೇಳಿದ್ದು ಇದು. ಅಮರಾಪುರ ಕೈಬಿಟ್ಟರೆ ಉಳಿದ ನಾಲ್ಕಕ್ಕೆ ಇನ್ನೂ ಇಳಿಸಿ ಕೊಡುತ್ತಾಳಂತೆ. ಅಷ್ಟು ದೂರದ ಒಂದು ಯಂತ್ರಕ್ಕೆ ಮೂರು ವರ್ಷ ಜನ ಕಳಿಸುವ ಖರ್ಚು ಕಂಪನಿಗೆ ಉಳಿಯುತ್ತದಂತೆ, ಅದನ್ನು ನಮಗೇ ಬಿಟ್ಟುಕೊಡುತ್ತಾಳಂತೆ. ನಾಲ್ಕಕ್ಕೆ ಆ ದರ ಈ ಜಿಲ್ಲೆಯಲ್ಲಿ ಯಾರಿಗೂ ಸಿಕ್ಕಿರಲಿಕ್ಕಿಲ್ಲ.

ಸರ್ಕಾರ ಅನಂತಪುರ ಜಿಲ್ಲೆ ಒಡೆದು ನಮ್ಮಿಬ್ಬರ ನಡುವೆ ಗೆರೆ ಎಳೆದು ಎರಡು ಜಿಲ್ಲೆ ಮಾಡಿತು. ಈಗ ಕಂಪನಿ ಎರಡು ದರ ಮಾಡುತ್ತಿದೆ.

ಅದರ ಮೇಲಿನ ಸಿಟ್ಟಿಗಿಂತ ನಿನ್ನ ಮೇಲಿನ ಸಿಟ್ಟು ದೊಡ್ಡದು. ಗೊತ್ತಿದ್ದೂ ಯಾಕೆ ಮುಚ್ಚಿಟ್ಟೆ? ಐದು ಆಗಲಿ ಅಂತ ನಮ್ಮನ್ನು ಲೆಕ್ಕಕ್ಕೆ ಹಿಡಿದೆಯಾ? ಇಲ್ಲಿ ಕೆಲವರು ಹಾಗೇ ಅನ್ನುತ್ತಿದ್ದಾರೆ. "ಆಕಿ ನಮಗ ಸುಳ್ಳು ಹೇಳ್ಯಾಳ, ನಾವ್ಯಾಕ ಆಕಿ ಸಲುವಾಗಿ ಜಾಸ್ತಿ ಕೊಡಬೇಕು?" ಅನ್ನುವ ಮಾತು ಎದ್ದಿದೆ. ಅವರ ಬಾಯಿ ನಾನು ಮುಚ್ಚಿಸುವುದಿಲ್ಲ. ಮುಚ್ಚಿಸಲು ನನ್ನ ಹತ್ತಿರ ಏನಿದೆ?

ಇಪ್ಪತ್ಮೂರನೇ ತಾರೀಖು ಸಭೆ ಬೇಡ ಅಂದಿದ್ದೇನೆ. ಮೂವತ್ತಕ್ಕೆ ಯುಗಾದಿ, ಅವತ್ತೇ ತೀರ್ಮಾನ. ಅಷ್ಟರೊಳಗೆ ನಿನ್ನ ಉತ್ತರ ಬರಬೇಕು.

ನಾಗವೇಣಿ


(ಲಕೋಟೆಯ ಮೇಲೆ: ನಾಗವೇಣಕ್ಕನಿಗೆ ಮಾತ್ರ. ಸಭೆಯಲ್ಲಿ ಓದಬೇಡ.)

ಅಮರಾಪುರ
26 ಮಾರ್ಚ್ 2025

ಅಕ್ಕ,

ಅಂಚೆಗೆ ಹಾಕಿದರೆ ತಡವಾಗುತ್ತದೆ ಅಂತ ಬಸ್ಸಿನವರ ಕೈಯಲ್ಲಿ ಕೊಟ್ಟಿದ್ದೇನೆ.

ಮೆಕ್ಯಾನಿಕ್ ವಿಷಯ ವಿಚಾರಿಸಲು ಸುಶ್ಮಿತಾಗೆ ನಾನೇ ಫೋನು ಮಾಡಿದಾಗ, ಫೆಬ್ರುವರಿಯಲ್ಲಿ ಗೊತ್ತಾಯಿತು, ನಿಜ. ನಿನಗೆ ಬರೆದರೆ ಅದು ಸಭೆಯಲ್ಲಿ ಓದುವ ಕಾಗದ. ಓದಿದ ಕೂಡಲೇ ನಾವು ನಿಮಗೆ ಭಾರ ಆಗುತ್ತೇವೆ. ಒಳಗೊಳಗೇ ಸರಿ ಮಾಡಿಬಿಡೋಣ ಅಂತ ಅವಳಿಗೆ ಫೋನು, ಅವಳ ಮೇಲಿನವನಿಗೆ ಮೇಲ್, ಗ್ರಾಹಕರ ನಂಬರಿಗೆ ದೂರು, ಎಲ್ಲ ಮಾಡಿದೆ. ಎಲ್ಲರೂ ಪಟ್ಟಿಯಲ್ಲಿ ಇಲ್ಲ ಅನ್ನುತ್ತಾರೆ. ಪಟ್ಟಿ ಮಾಡಿದವನು ಯಾರು ಅಂದರೆ ಗೊತ್ತಿಲ್ಲ ಅನ್ನುತ್ತಾರೆ. ನಿಮ್ಮನ್ನು ಲೆಕ್ಕಕ್ಕೆ ಹಿಡಿದೆ ಅನ್ನುವ ಮಾತು ಮಾತ್ರ ಸಹಿಸಲಾರೆ. ನಿಮ್ಮ ಲೆಕ್ಕದಿಂದ ನಾವು ಜಾರಿಬಿಡುತ್ತೇವೆ ಅನ್ನುವ ಹೆದರಿಕೆಗೆ ಮುಚ್ಚಿಟ್ಟೆ.

ಈಗ ಕೇಳು. ನೀವು ನಾಲ್ಕು ಕೊಂಡುಬಿಡಿ. ನಿನಗೆ ಏಪ್ರಿಲ್‌ನಲ್ಲಿ ಕತ್ತರಿ ಹಿಡಿಯಬೇಕು. ಶಾಲೆ ಕಾಯುವುದಿಲ್ಲ. ನಾವು ಕಾಯಬಹುದು, ನಮಗೆ ಅಭ್ಯಾಸ ಇದೆ. ಹಿಂದೂಪುರದಲ್ಲಿ ಹಳೆಯದೊಂದು ಸಿಕ್ಕರೆ ನೋಡುತ್ತೇನೆ. ಅಮರಾಪುರದವರೇ ಬೇಡ ಅಂದರು ಅಂತ ಹೇಳಿಬಿಡು, ಯಾರಿಗೂ ಬೇಜಾರಾಗುವುದಿಲ್ಲ. ಉಷಾರಾಣಿಗೆ ನಾನು ಏನಾದರೂ ಹೇಳಿಕೊಳ್ಳುತ್ತೇನೆ.

ಈ ಕಾಗದ ಹರಿದುಹಾಕು.

ರೇಖಾ


ರಾಯದುರ್ಗ
31 ಮಾರ್ಚ್ 2025, ಸಂಜೆ

ರೇಖಾ,

ಓದಿದೆ. ಗಟ್ಟಿಯಾಗಿ ಓದಿದೆ. ಲಕೋಟೆಯ ಮೇಲಿನ ಸಾಲನ್ನೂ ಸೇರಿಸಿ ಓದಿದೆ.

ಬೇಕಾದರೆ ಬೈಯಿ. ಲಕೋಟೆ ಕೈಗೆ ಬಂದಾಗ ನನಗೂ ಒಂದು ಘಳಿಗೆ ಹರಿಯೋಣ ಅನ್ನಿಸಿತು. ಅಮರಾಪುರದವರೇ ಬೇಡ ಅಂದರು ಅಂತ ಹೇಳುವುದು ಎಷ್ಟು ಸಲೀಸು ನೋಡು. ನಮ್ಮನ್ನು ಮಾರಿದವನೂ ಹೀಗೇ ಸಲೀಸಾಗಿ ಶುರು ಮಾಡಿರಬೇಕು, ಒಂದು ಕಾಗದ ಒಬ್ಬನೇ ಓದಿಕೊಂಡು. ಕಟ್ಟಳೆ ಅಂದರೆ ನಮಗೆ ಬೇಡವಾದ ಕಾಗದಕ್ಕೂ ಕಟ್ಟಳೆಯೇ.

ಯುಗಾದಿ ಬೆಳಿಗ್ಗೆ ಎಲ್ಲರೂ ಬೆಟ್ಟದ ಬುಡಕ್ಕೆ ಬಂದರು. ಅನ್ನದಾನಮ್ಮ ಬೆಳುಗುಪ್ಪದಿಂದ ಬೇವುಬೆಲ್ಲದ ಡಬ್ಬಿ ಹಿಡಿದುಕೊಂಡು ಬಂದಿದ್ದಳು. ಓದಿ ಮುಗಿಸಿದೆ. "ನಾವು ಕಾಯಬಹುದು, ನಮಗೆ ಅಭ್ಯಾಸ ಇದೆ" ಅನ್ನುವ ಸಾಲು ಬಂದಾಗ ನರಸಕ್ಕ ಕೈ ಅಡ್ಡ ಹಿಡಿದಳು.

"ಅದನ್ನ ಇನ್ನೊಮ್ಮೆ ಓದು."

ಓದಿದೆ.

"ಈ ಮಾತು ನಾನೂ ಆಡೀನಿ. ಚಿತ್ತಪ್ಪನ ಮುಂದ ಭಾಳ ವರ್ಷ ಆಡೀನಿ. ಇನ್ನೊಬ್ಬಾಕಿ ಬಾಯಾಗ ಕೇಳಿದ್ರ ಹೊಟ್ಟಿಯಾಗ ಬೆಂಕಿ ಬೀಳತೈತಿ" ಅಂದಳು.

ನಾಲ್ಕು ಸಾಕು ಅಂತಿದ್ದವರಲ್ಲಿ ಅಂಜನಾ ಮುಂದಾಳು. ಅವಳು ಎದ್ದು, "ಸುಳ್ಳು ಹೇಳಿದ್ದು ತಪ್ಪಲ್ಲೇನ್ರಿ?" ಅಂದಳು. ತಪ್ಪು ಅಂದೆ. "ಹಂಗಾರ ಆ ತಪ್ಪಿಗೆ ಆಕಿನ್ನ ಇಲ್ಲಿ ಕರಸಿ ಬೈಯೋಣ್ರಿ. ಸೀಮಿ ದಾಟಿಸಿ ಬಿಡೋದು ಬ್ಯಾಡ." ಅಷ್ಟೇ ಚರ್ಚೆ. ಐದೂ ಬೇಕು ಅನ್ನುವವರು ಕೈ ಎತ್ತಿರಿ ಅಂದೆ. ಎತ್ತದೆ ಉಳಿದ ಕೈ ಒಂದೂ ಕಾಣಲಿಲ್ಲ.

ಇವತ್ತು ರಂಜಾನ್. ನಮ್ಮ ಷೆಡ್ಡಿಗೂ ರಜೆ. ಹಬ್ಬದ ಮೇಲೆ ಹಬ್ಬ, ಸುಶ್ಮಿತಾಗೆ ಮಾತ್ರ ರಜೆಯಿಲ್ಲ. ಬೆಳಿಗ್ಗೆಯಿಂದ ಅವಳದೇ ಫೋನು. ಮಧ್ಯಾಹ್ನ ಎಲ್ಲರೂ ಷೆಡ್ಡಿನಲ್ಲಿ ಸುತ್ತ ಕೂತ ಮೇಲೆ ಎತ್ತಿದೆ. ನಾನು ಹೇಳಿದ್ದು ಇಷ್ಟೇ: "ಐದು ಯಂತ್ರ. ಒಂದೇ ದರ. ಐದೂ ಜಾಗಕ್ಕೆ ನಿಮ್ಮ ಮೆಕ್ಯಾನಿಕ್ ಬರಬೇಕು. ಅಮರಾಪುರದ ಪಿನ್‌ಕೋಡ್ ದರಪತ್ರದಾಗ ಅಚ್ಚಾಗಿ ಬರಬೇಕು. ಇಲ್ಲ ಅಂದ್ರ ಒಂದೂ ಬ್ಯಾಡ."

"ಮೇಡಂ, ನಾಲ್ಕಕ್ಕೆ ನಾನು ಎಷ್ಟು ಕಡಿಮೆ..."

ನಾನು ಮಾತಾಡಲಿಲ್ಲ. ಯಾರೂ ಮಾತಾಡಲಿಲ್ಲ. ಕೈ ಮಡಿಲಲ್ಲಿ ಇಟ್ಟುಕೊಂಡು ಕೂತೆವು.

"ಹಲೋ? ಮೇಡಂ? ಕೇಳಿಸ್ತಿದೆಯಾ?"

ಕೇಳಿಸುತ್ತಿತ್ತು. ಅವಳ ಹಿಂದೆ ಇನ್ನೂ ಯಾರ ಯಾರದೋ ಫೋನುಗಳು ಬಡಿದುಕೊಳ್ಳುವುದೂ ಕೇಳಿಸುತ್ತಿತ್ತು. ಅಲ್ಲಿಯೂ ಒಂದು ಷೆಡ್ಡು, ಅಲ್ಲಿಯೂ ಒಬ್ಬ ಚಿತ್ತಪ್ಪ ಗುಂಡಿ ಬಿಚ್ಚಿಕೊಂಡು ತಿರುಗುತ್ತಿರಬೇಕು ಅನ್ನಿಸಿತು. ಆ ಹುಡುಗಿಯ ಮೇಲೆ ಸಿಟ್ಟು ಬರಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

"ಮೇಡಂ, ಲೈನಲ್ಲೇ ಇರಿ" ಅಂತ ಹೋದವಳು ಬಹಳ ಹೊತ್ತು ಬರಲಿಲ್ಲ. ಅಂಜನಾ ಉಗುರು ಕಚ್ಚುತ್ತಿದ್ದಳು. ಮೂಲೆಯಲ್ಲಿ ಚಿತ್ತಪ್ಪನ ಯಂತ್ರ ಹೂವಿನ ಹೊದಿಕೆ ಹೊದ್ದುಕೊಂಡು ಕೂತಿತ್ತು. ಇವತ್ತು ಇದು ಮುರಿದುಬಿದ್ದರೆ ನಾಳೆ ಆ ಹೊದಿಕೆ ತೆಗೆಯುವುದು ನಾವೇ. ಅದು ಎಲ್ಲರಿಗೂ ಗೊತ್ತಿತ್ತು.

ತಿರುಗಿ ಬಂದಳು. "ಪಿನ್‌ಕೋಡ್ ಹಾಕಿಸ್ತೀನಿ ಮೇಡಂ, ಹಿಂದೂಪುರದಿಂದ ಹುಡುಗ ಬರ್ತಾನೆ. ಆದರೆ ನಾಲ್ಕಕ್ಕೆ ಹೇಳಿದ ದರ ಆಗಲ್ಲ. ಫೆಬ್ರುವರಿ ದರವೇ."

ನಾನು ಸುತ್ತ ನೋಡಿದೆ. ನರಸಕ್ಕ ಹೂಂ ಅನ್ನು ಅಂತ ತಲೆಯಾಡಿಸಿದಳು. ಅನ್ನದಾನಮ್ಮ ಹಿಂದೆ ಕೂತು ಹೂಂ ಅನ್ನುತ್ತೇನೆ ಅಂದವಳು, ಮುಂದೆ ಬಂದು ಫೋನಿಗೆ ಬಾಯಿ ಹಚ್ಚಿ "ಹೂಂ ನೋಡವ್ವಾ, ಬರಿ!" ಅಂದಳು.

ದರಪತ್ರ ಬಂತು. ನಿನ್ನ ಊರಿನ ಪಿನ್‌ಕೋಡ್ ಇದೆ. ಎಲ್ಲರೂ ಬೆರಳಿಟ್ಟು ನೋಡಿದರು. ಆಮೇಲೆ ದುಡ್ಡು ಹಾಕಿದೆವು.

ಕಡಿಮೆ ದರ ಬಿಟ್ಟೆವು. ಅದರ ಬಗ್ಗೆ ಸುಳ್ಳು ಸಮಾಧಾನ ಹೇಳುವುದಿಲ್ಲ. ಆ ದುಡ್ಡಿಗೆ ಇನ್ನೊಂದು ಹೊಲಿಗೆ ಯಂತ್ರದ ಮೋಟರು ಬರುತ್ತಿತ್ತು. ಆದರೆ ನಮ್ಮಲ್ಲಿ ಒಬ್ಬಳನ್ನು ಬಿಟ್ಟರೆ ಉಳಿದವರಿಗೆ ಜಾಸ್ತಿ ಕೊಡುತ್ತೇನೆ ಅನ್ನುವ ದರ ಇದೆಯಲ್ಲ, ಅದನ್ನು ನಾವು ಷೆಡ್ಡಿನಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಒಂದು ಸಲ ತೆಗೆದುಕೊಂಡೆವೋ, ಮುಂದಿನ ಸಲ ಬಿಡುವುದು ನಮ್ಮನ್ನೇ.

ಸಾಫ್ಟ್‌ವೇರ್ ಹಾಕಿಕೊಡಲು ಬರುತ್ತೀಯಲ್ಲ, ಅವತ್ತು ಅಂಜನಾ ನಿನಗೆ ಬೈಯುತ್ತಾಳೆ. ಊಟ ಆದ ಮೇಲೆ. ತಯಾರಾಗಿ ಬಾ.

ಇನ್ನೊಂದು ಸಲ ಲಕೋಟೆ ಮೇಲೆ ಹಾಗೆ ಬರೆಯಬೇಡ.

ನಾಗವೇಣಿ


ಅಮರಾಪುರ
22 ಜೂನ್ 2025

ನಾಗವೇಣಕ್ಕನಿಗೆ ಮತ್ತು ಎಲ್ಲರಿಗೆ,

ಶಾಲೆಗೆ ನೀವು ಹೊಲಿದ ಮೊದಲ ಅಂಗಿ ಬಂತು. ಕಾಲರ್ ಒಂದು ಕಡೆ ಸೊಟ್ಟಗಿದೆ. ನಾನು ನಗಲಿಲ್ಲ. ಉಳಿದವು ನೆಟ್ಟಗಿವೆ, ಮಕ್ಕಳು ಹಾಕಿಕೊಂಡು ಹೋಗುತ್ತಿದ್ದಾರೆ ಅಂತ ಅಂಜನಾ ಫೋನಿನಲ್ಲಿ ಹೇಳಿದಳು. ಬೈಯಲು ಮರೆತಿದ್ದ ಒಂದೆರಡು ಮಾತನ್ನೂ ಸೇರಿಸಿ ಬೈದಳು.

ನಮ್ಮ ಪರದೆ ನಮ್ಮ ಕಡೆ ತಿರುಗಿದೆ. ಉಷಾರಾಣಿ ದಿನಾ ಒಬ್ಬೊಬ್ಬರ ಹೆಸರು ತೆರೆದು ಬಿದ್ದ ಕೂಲಿಯನ್ನು ಗಟ್ಟಿಯಾಗಿ ಓದುತ್ತಾಳೆ. ನಿಮ್ಮಿಂದ ಕಲಿತ ಚಾಳಿ. ಕೇಳಿಸಿಕೊಂಡವರೆಲ್ಲ ಒಟ್ಟಾಗಿ ಗಂಗಾಧರಪ್ಪನ ಅಂಗಡಿಗೆ ಹೋದರು. ಅವನಿಗೆ ಅವತ್ತು ಸರ್ವರ್ ಎಲ್ಲ ಸರಿಯಾಗಿಯೇ ಇತ್ತು. ಹಳೆಯ ಬಾಕಿಗೆ ಅರ್ಜಿ ಬರೆದಿದ್ದೇವೆ, ಅದು ಬೇರೆ ಜಗಳ.

ಈಗ ಮುಖ್ಯ ವಿಷಯ. ಹೋದ ವಾರ ನಮ್ಮ ಯಂತ್ರ ಕೆಟ್ಟಿತು ಅಂತ ಕಂಪನಿಗೆ ದೂರು ಕೊಟ್ಟೆವು. ಕೆಟ್ಟಿರಲಿಲ್ಲ. ಉಷಾರಾಣಿ ಹಿಂದಿನ ವೈರು ಸಡಿಲ ಮಾಡಿದ್ದಳು, ಅಷ್ಟೇ. ನೀವು ಕಡಿಮೆ ದರ ಬಿಟ್ಟು ಕೊಡಿಸಿದ ಪಿನ್‌ಕೋಡ್ ಅದು. ಕಾಗದದಲ್ಲಿ ಬಂದದ್ದು ಊರಿಗೂ ಬರುತ್ತದೋ ಇಲ್ಲವೋ ನೋಡಬೇಕಿತ್ತು.

ಬಂದ. ನವೀನ್ ಅಂತ. ಹಿಂದೂಪುರದಿಂದ ಗಾಡಿಯಲ್ಲಿ, ಬೆನ್ನಿಗೆ ಬ್ಯಾಗು, ರೆಪ್ಪೆಯ ಮೇಲೆಲ್ಲ ಧೂಳು. ವೈರು ನೋಡಿದ, ಒತ್ತಿದ, ಯಂತ್ರ ಶುರುವಾಯಿತು.

"ಏನಕ್ಕಾ ಇದು! ಇಷ್ಟಕ್ಕೆ ಹಿಂದೂಪುರದಿಂದ ಕರೆಸಿದ್ರಾ?"

"ಬತ್ತೀಯೋ ಇಲ್ವೋ ನೋಡೋಕೆ ಕಣಪ್ಪ" ಅಂದಳು ಉಷಾರಾಣಿ. "ಸಿಟ್ಟಾಗ್‌ಬ್ಯಾಡ, ಮುದ್ದೆ ಐತೆ, ಉಣ್ಣು ಬಾ."

ಸಿಟ್ಟಿನಲ್ಲೇ ಉಂಡ. ಉಣ್ಣುತ್ತಾ ಸಿಟ್ಟು ಇಳಿಯಿತು. ಪೆಟ್ರೋಲು ಕಂಪನಿ ಕೊಡುತ್ತಾ ಅಂತ ಕೇಳಿದೆ. ಇಲ್ಲವಂತೆ. ಸಂಬಳ? ಅದೂ ಇಲ್ಲ. ಒಂದು ದೂರು ಸರಿ ಮಾಡಿದರೆ ಇಷ್ಟು. ದೂರು ಬರದ ದಿನ ಬರಿಗೈ. ಊರು ದೂರ ಇದ್ದರೂ ಹತ್ತಿರ ಇದ್ದರೂ ಅದೇ ಕೂಲಿ. ಕಂಪನಿಯ ಅಂಗಿ ಹಾಕಿದ್ದಾನೆ, ಕಂಪನಿಯ ಆಳಲ್ಲ. ನಡುವೆ ಒಬ್ಬ ಗುತ್ತಿಗೆದಾರ.

"ಅಂದ್ರೆ ನಿಂದೂ ಪೀಸಿನ ಕೂಲಿನಾ?" ಅಂದಳು ಉಷಾರಾಣಿ.

"ಹಂಗೇ ಅನ್ಕೋ ಅಕ್ಕ."

ಪಿನ್‌ಕೋಡ್ ಹಾಕಿಸಲು ನೀವು ಮಾತು ಬಿಟ್ಟು ಕೂತಿರಿ, ಕಂಪನಿ ಒಪ್ಪಿತು ಅಂದುಕೊಂಡಿದ್ದೆವು. ಕಂಪನಿ ತನ್ನ ಕೈಯಿಂದ ಏನೂ ಕೊಟ್ಟಿಲ್ಲ. ಈ ಹುಡುಗನ ಪೆಟ್ರೋಲಿನಿಂದ ಕೊಟ್ಟಿದೆ.

ನಿಮ್ಮ ಕೈ ಎತ್ತುವ ಕಥೆ ಅವನಿಗೆ ಹೇಳಿದೆ. ಮೊದಲನೆಯ ಸಲ ಸೋತದ್ದು, ಎರಡನೆಯ ಸಲ ಗೆದ್ದದ್ದು, ಎರಡೂ ಹೇಳಿದೆ. "ನಿಮ್ಮ ಹಾಗೆ ಗಾಡಿಯಲ್ಲಿ ತಿರುಗುವವರು ಎಷ್ಟು ಜನ ಇದ್ದೀರಿ?" ಅಂದೆ. ಹಿಂದೂಪುರ, ಪೆನುಕೊಂಡ, ಕದಿರಿ, ಅನಂತಪುರ ಅಂತ ಹೆಸರು ಹೇಳುತ್ತಾ ಹೋದ. "ಒಂದು ದಿನ ನಿಮ್ಮಲ್ಲಿ ಯಾರೂ ಫೋನ್ ಎತ್ತದೇ ಇದ್ದರೆ?" ಅಂದೆ.

ನಕ್ಕ. ಆಮೇಲೆ ನಗು ನಿಲ್ಲಿಸಿದ. ಕೈ ತೊಳೆದುಕೊಂಡು, ಹೊರಗೆ ಹೋಗಿ, ಗಾಡಿ ಹತ್ತಿ, ಮತ್ತೆ ಇಳಿದು ಒಳಗೆ ಬಂದು ಕೇಳಿದ: "ಅಕ್ಕ, ಆ ರಾಯದುರ್ಗದವರ ಸಭೆ ಯಾವ ವಾರ?"

ಭಾನುವಾರ ಅಂದೆ. ಬೆಟ್ಟದ ಬುಡದಲ್ಲಿ ಅಂದೆ. ಇನ್ನಿಬ್ಬರನ್ನು ಕರೆದುಕೊಂಡು ಬರುತ್ತಾನಂತೆ. ಜಾಗ ಮಾಡಿ.

ಸುಶ್ಮಿತಾಳ ನಂಬರನ್ನೂ ಅವನಿಗೆ ಕೊಟ್ಟಿದ್ದೇನೆ. ಟಾರ್ಗೆಟ್ಟಿಗೆ ದುಡಿಯುವ ಅವಳೂ ನಮ್ಮಂಥವಳೇ, ಅವಳಿಗೂ ಒಂದು ಭಾನುವಾರ ಬಂದೀತು.

ಈ ಕಾಗದವನ್ನು ಸಭೆಯಲ್ಲಿ ಓದು ಅಕ್ಕ. ಹಿಂದೆ ಕೂತವನಿಗೂ ಕೇಳುವ ಹಾಗೆ ಓದು.

ರೇಖಾ